ಬರಿಬಿಲ್ಲಿನ ಕಾಯ್ದೆ

ಆ ವರ್ಷ ಸಿಂದಗಿಯ ಬಿಲ್ಲಿನ ಪಂದ್ಯಕ್ಕೆ ಬಂದವರಲ್ಲಿ ಒಬ್ಬನೂ ಇನ್ನೊಬ್ಬನ ಬಿಲ್ಲನ್ನು ನಂಬುತ್ತಿರಲಿಲ್ಲ. ಎದುರಿಗೆ ಬಂದವನ ಮುಖ ನೋಡುವ ಮೊದಲು ಅವನ ಹೆದೆ ನೋಡುತ್ತಿದ್ದರು, ಆಮೇಲೆ ಬಾಣ ನೋಡುತ್ತಿದ್ದರು. ‘ಆರಾಮ ಇದ್ದೀರೇನ್ರಿ’ ಎಂಬುದು ಅದೆಲ್ಲ ಮುಗಿದ ಮೇಲೆ.

ಕಾರಣ ಹಿಂದಿನ ವರ್ಷದ ಜಗಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನವರು ಬಿಳಿಜೋಳದ ರಾಶಿ ಮುಗಿದ ಮೇಲೆ ಒಂದು ದಿನ ಸೇರಿ ಬಾಣ ಹೊಡೆಯುವುದು ರೂಢಿ. ಗೆದ್ದವನಿಗೆ ಒಂದು ಜರಿ ರುಮಾಲು. ಹಿಂದಿನ ವರ್ಷ ಮುದ್ದೇಬಿಹಾಳದ ಕಡೆಯವನೊಬ್ಬ ಬಿಲ್ಲಿನ ಹಿಡಿಯ ಮೇಲೆ ಹಿತ್ತಾಳೆ ತಂತಿಯ ಸಣ್ಣ ಉಂಗುರ ಕೂಡಿಸಿಕೊಂಡು ಬಂದ. ಅದರೊಳಗಿಂದ ಗುರಿ ನೋಡಿ ಎಲ್ಲರನ್ನೂ ಸೋಲಿಸಿದ. ಮೋಸ ಎಂದು ಅರ್ಧ ಜನ, ಬುದ್ಧಿ ಎಂದು ಅರ್ಧ ಜನ. ಕಡೆಗೆ ರುಮಾಲು ಯಾರ ತಲೆಗೂ ಏರಲಿಲ್ಲ. ಎರಡನೆಯವನಾಗಿ ನಿಂತಿದ್ದವನು ನಮ್ಮಪ್ಪ. ಉಂಗುರದವನನ್ನು ತೆಗೆದರೆ ರುಮಾಲು ತನ್ನದೇ ಎಂದು ವರ್ಷವಿಡೀ ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕುರಿ ಮೇಯಿಸಲು ಹೋದಲ್ಲೆಲ್ಲ ದಿನಾ ಬಾಣ ಹೊಡೆಯುತ್ತಿದ್ದ.

ಪಂದ್ಯದ ಹಿರೇತನ ಸಿಂದಗಿ ಪೇಟೆಯ ಒಬ್ಬ ಮುಸಲ್ಮಾನ ತೊಗರಿ ವ್ಯಾಪಾರಿಯದು. ಊರೆಲ್ಲ ಅವರಿಗೆ ಕಾಕಾ ಎನ್ನುತ್ತಿತ್ತು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಮಾಸ್ತರನಾಗಿ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಕಾಕಾ ನನ್ನನ್ನು ಅಂಗಡಿಗೆ ಕರೆಸಿದರು.

‘ಮಾಸ್ತರ, ನೀ ಬಿ.ಎ. ಆದಂವ. ಇಂಗ್ಲಿಷ್ ಬುಕ್ಕ ನೋಡಿ ಕಾಯ್ದೆ ಬರಿ. ಬಾಯಿಲೆ ಹೇಳಿದ್ರ ಒಬ್ಬೊಬ್ಬಂವನೂ ವಕೀಲನ ಆಗ್ತಾನ.’

ನನಗೆ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ? ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಮಾಡಿದವನು ನಾನೇ ಮೊದಲಿಗ. ವಿಜಾಪುರದಲ್ಲಿ ಮಠದ ಪ್ರಸಾದ ಉಂಡು, ಇದ್ದೊಂದು ಧೋತರವನ್ನೇ ಒಗೆದು ಒಣಗಿಸಿ ಉಟ್ಟು ಪಾಸಾದವನು. ಕಾಲೇಜಿನ ಲೈಬ್ರರಿಯಿಂದ ಬಿಲ್ವಿದ್ಯೆಯ ಒಂದು ಇಂಗ್ಲಿಷ್ ಪುಸ್ತಕ ತರಿಸಿ ಕಾಯ್ದೆ ಬರೆಯಲು ಕೂತೆ.

ಎರಡು ವರ್ಗ ಮಾಡಿದೆ. ಗುರಿ ನೋಡಲು ಉಂಗುರವೋ ಕಡ್ಡಿಯೋ ಇರುವ ಬಿಲ್ಲುಗಳು ಗುರುತಿನ ವರ್ಗಕ್ಕೆ, ಮೂವತ್ತೈದು ಮಾರು ದೂರ. ಏನೂ ಇಲ್ಲದವು ಬರಿಬಿಲ್ಲಿನ ವರ್ಗಕ್ಕೆ, ಇಪ್ಪತ್ತು ಮಾರು ದೂರ. ಜರಿ ರುಮಾಲು ಬರಿಬಿಲ್ಲಿಗೆ, ಗುರುತಿನವರಿಗೆ ಹಿತ್ತಾಳೆ ತಂಬಿಗೆ. ಬಾಣ ದಪ್ಪ ಇದ್ದಷ್ಟೂ ಗುರಿಯ ಮೇಲೆ ಬರೆದ ಸುಣ್ಣದ ಗೆರೆಯನ್ನು ಬೇಗ ಮುಟ್ಟುತ್ತದೆ, ಗೆರೆ ಮುಟ್ಟಿದರೆ ಒಳಗೆ ಬಿದ್ದ ಲೆಕ್ಕ. ಅದಕ್ಕೆ ಹಳೆಯ ತೂತಿನ ದುಡ್ಡೊಂದನ್ನು ಹುಡುಕಿ, ಅದರ ತೂತಿನಲ್ಲಿ ತೂರಿದ ಬಾಣ ಮಾತ್ರ ನಡೆಯುತ್ತದೆ ಎಂದು ಬರೆದೆ. ನಂತರ ನಾನು ಬಹಳ ಹೆಮ್ಮೆಪಟ್ಟ ವಾಕ್ಯ: ‘ಬರಿಬಿಲ್ಲಿನ ಮೇಲೆ ಗುರಿ ನೋಡಲು ಅನುಕೂಲವಾಗುವಂಥ ಯಾವುದೇ ತಂತಿ, ದಾರ, ಗೀರು, ಉಬ್ಬು ಅಥವಾ ಗುರುತು ಇರತಕ್ಕದ್ದಲ್ಲ.’

ಪುಸ್ತಕದಲ್ಲಿದ್ದ ಬಿಲ್ಲು ನಯವಾದ ಕಟ್ಟಿಗೆಯದು. ನಮ್ಮವು ಬಿದಿರಿನವು. ಬಿದಿರಿಗೆ ಗಣ್ಣು ಇದ್ದೇ ಇರುತ್ತದೆ, ಗಣ್ಣು ಎಂದರೆ ಉಬ್ಬೇ. ಬರೆಯುವಾಗ ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಪ್ಪ ಕನ್ನೊಳ್ಳಿಯ ಮನೆಯ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತ ನಾನು ಬರೆಯುವುದನ್ನು ನೋಡಿದ. ‘ಏನ್ ಬರಿಯಾಕತ್ತೀ ತಮ್ಮಾ?’

‘ಪಂದ್ಯದ ಕಾಯ್ದೆ.’

‘ಛಂದಂಗ ಬರಿ’ ಎಂದ. ಅವನು ಇನ್ನೊಂದು ಮಾತು ಕೇಳುತ್ತಾನೆಂದು ಕಾದೆ. ಕೇಳಲಿಲ್ಲ. ಕಾಯ್ದೆಯಲ್ಲಿ ಏನಿದೆ ಎಂದು ನಾನೂ ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ; ಬೇಕೆಂದೇ ಹೇಳಲಿಲ್ಲ. ಮಗ ಕಾಯ್ದೆ ಬರೆದ, ಅಪ್ಪನಿಗೆ ಮೊದಲೇ ಹೇಳಿಕೊಟ್ಟ ಎಂದು ನಾಲ್ಕು ತಾಲೂಕು ಆಡಿಕೊಳ್ಳಬಾರದು. ಕಾಯ್ದೆಯ ಪ್ರತಿಗಳನ್ನು ದುಂಡಗೆ ಬರೆದು ಊರೂರ ಚಾವಡಿಯ ಗೋಡೆಗೆ ಅಂಟಿಸಲು ಕಳಿಸಿದೆ. ಎಲ್ಲರಿಗೂ ಒಂದೇ ಕಾಗದ, ಒಂದೇ ನ್ಯಾಯ ಎಂದುಕೊಂಡೆ.

ಪಂದ್ಯದ ದಿನ ಬಸ್ ಸ್ಟ್ಯಾಂಡಿನಾಚೆಯ ಬಯಲಿನಲ್ಲಿ ಜೋಳದ ದಂಟಿನ ಕಣಿಕೆಯ ಸಿವುಡುಗಳನ್ನು ಒತ್ತಿ ಕಟ್ಟಿ, ಮೇಲೆ ಸುಣ್ಣದ ಸುತ್ತು ಬರೆದು ನಿಲ್ಲಿಸಿದ್ದರು. ಬಿಲ್ಲು ಬಾಣ ಪರೀಕ್ಷಿಸಲು ನಾನು ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಕೂತೆ. ಬಾಗೇವಾಡಿಯವನೊಬ್ಬನ ಬಾಣ ತೂತಿನಲ್ಲಿ ಸಿಕ್ಕಿಬಿತ್ತು.

‘ನಿಮ್ಮ ದುಡ್ಡಿನ ತೂತ ಸಣ್ಣದೈತ್ರಿ’ ಎಂದ.

‘ದುಡ್ಡು ಸರಕಾರದ್ದಪಾ, ಬಾಣ ನಿಂದು’ ಎಂದರು ಪಕ್ಕದಲ್ಲಿ ಕೂತ ಕಾಕಾ. ‘ಯಾವುದನ್ನ ಕೆತ್ತೂಣು, ನೀನ ಹೇಳು.’

ಜನ ನಕ್ಕರು. ನಗದೆ ನಿಂತವನು ಒಬ್ಬನೇ, ಇಂಡಿ ತಾಲೂಕಿನ ಅಗರಖೇಡದಿಂದ ಬಂದ ಒಬ್ಬ ಒಣಕಲು ರೈತ. ಮೇಜಿಗೆ ಬಂದ ಪ್ರತಿ ಬಿಲ್ಲನ್ನೂ ಅವನು ಕಣ್ಣು ಸಣ್ಣದು ಮಾಡಿ ನೋಡುತ್ತಿದ್ದ. ತನ್ನ ಬಿಲ್ಲನ್ನು ಮಾತ್ರ ಕಂಬಳಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಇವನು ಏನೋ ಮುಚ್ಚಿಟ್ಟಿದ್ದಾನೆ ಎಂದು ನನಗೆ ಆಗಲೇ ಅನಿಸಿತ್ತು.

ಅಪ್ಪನ ಸರದಿ ಬಂತು. ಅವನ ಬಿಲ್ಲಿನಲ್ಲಿ ಹಿಡಿಯಿಂದ ಒಂದು ಗೇಣು ಮೇಲೆ ಕರಿ ಉಣ್ಣೆಯ ದಾರ ಸುತ್ತಿತ್ತು.

‘ದಾರ ಐತಿ’ ಎಂದ ಅಗರಖೇಡದವನು.

‘ನಿಮ್ಮವ್ವ ಕಟ್ಟ್ಯಾಳ ತಮ್ಮಾ, ದೃಷ್ಟಿ ಆಗಬಾರದಂತ’ ಎಂದ ಅಪ್ಪ ನನಗೆ.

‘ಬಿಚ್ಚಬೇಕು’ ಎಂದೆ. ಅಪ್ಪ ಹಲ್ಲಿನಿಂದ ಗಂಟು ಬಿಡಿಸಿ ದಾರವನ್ನು ಜೇಬಿಗೆ ಹಾಕಿಕೊಂಡ. ದಾರದ ಕೆಳಗೆ ಬಿದಿರಿನ ಗಣ್ಣು, ಬೆರಳು ಆಡಿ ಆಡಿ ಕರ್ರಗೆ ಮಿಂಚುತ್ತಿತ್ತು.

‘ಮಾಸ್ತರ್ರ, ಆ ಗಣ್ಣ ಉಬ್ಬ ಹೌದೋ ಅಲ್ಲೋ?’ ಅಗರಖೇಡದವನು ಕೇಳಿದ. ‘ನಿಮ್ಮ ಕಾಯ್ದೆದಾಗ ಉಬ್ಬಂತ ಬರದೀರಿ.’

ಗಣ್ಣು ಬಿದಿರಿನ ಜೊತೆಗೇ ಹುಟ್ಟಿದ್ದು, ಅದು ಗುರುತಲ್ಲ ಎಂದು ನಾನು ಅಂದಿದ್ದರೆ ಅಲ್ಲಿ ಬಹಳ ಜನ ಒಪ್ಪುತ್ತಿದ್ದರು. ಆದರೆ ಒಂದು ಸಂಗತಿ ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಹೊಲದ ಬದುವಿನಲ್ಲಿ ನಿಲ್ಲಿಸಿ ನನ್ನ ಕೈಗೆ ಬಿಲ್ಲು ಕೊಟ್ಟವನು ಇದೇ ಅಪ್ಪ. ‘ಹಕ್ಕೀನ ಗಣ್ಣಿನ ಮ್ಯಾಲ ಕುಂದರಸು, ಆಮ್ಯಾಲ ಬಿಡು’ ಎಂದು ಕಲಿಸಿದ್ದ. ಗುರಿ ನೋಡಲು ಅವನಿಗೆ ಗಣ್ಣೇ ಗುರುತು. ಅಪ್ಪ ನನ್ನ ಮುಖ ನೋಡಿದ. ನನಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು.

‘ಉಬ್ಬು ಹೌದು. ಗುರುತಿನ ವರ್ಗಕ್ಕೆ ಹೋಗಬೇಕು’ ಎಂದೆ.

ಹಿಂದಿನಿಂದ ಯಾರೋ ಅಂದರು: ‘ಭಲೇ ಮಗಾ, ಹೆತ್ತಪ್ಪನ್ನೂ ಬಿಡಲಿಲ್ಲ ನೋಡ್ರಿ.’ ನನಗದು ಶಾಲು ಹೊದಿಸಿದ ಹಾಗೆ ಆಯಿತು.

ಆದರೆ ಅಪ್ಪನಿಗೆ ಅಂದ ಮಾತನ್ನು ಉಳಿದವರಿಗೂ ಅನ್ನಬೇಕಲ್ಲ? ಒಬ್ಬೊಬ್ಬರ ಬಿಲ್ಲನ್ನೂ ತಿರುಗಿ ನೋಡಿದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಗಣ್ಣು. ಬರಿಬಿಲ್ಲಿಗೆಂದು ಬಂದ ಹದಿಮೂರು ಜನರಲ್ಲಿ ಹನ್ನೊಂದು ಜನ ಗೊಣಗುತ್ತ ಗುರುತಿನ ಸಾಲಿಗೆ ಹೋದರು. ಉಳಿದವರು ಇಬ್ಬರೇ. ಒಬ್ಬ ಕಟ್ಟಿಗೆಯ ಬಿಲ್ಲು ತಂದಿದ್ದ ಬಾಗೇವಾಡಿಯ ಮುದುಕ, ಇನ್ನೊಬ್ಬ ಈ ಅಗರಖೇಡದವನು. ಅವನು ಈಗ ನಿಧಾನವಾಗಿ ಕಂಬಳಿ ಬಿಚ್ಚಿದ. ಬಿದಿರಿನ ಬಿಲ್ಲೇ, ಆದರೆ ಗಾಜಿನ ಚೂರಿನಿಂದ ಗಣ್ಣುಗಳನ್ನೆಲ್ಲ ಕೆರೆದು ನುಣ್ಣಗೆ ಮಾಡಿದ್ದ. ಕೈಯಾಡಿಸಿದೆ. ಎಲ್ಲೂ ಬೆರಳಿಗೆ ತಡೆಯಲಿಲ್ಲ.

ನನ್ನ ಸಂಶಯ ಗಟ್ಟಿಯಾಯಿತು. ಗಣ್ಣಿನ ಮಾತು ನನಗೇ ಆಗ ಹೊಳೆದದ್ದು, ಇವನಿಗೆ ಮೊದಲೇ ಹೇಗೆ ಹೊಳೆಯಿತು? ಯಾರೋ ಒಳಗಿನವರು ಹೇಳಿಕೊಟ್ಟಿದ್ದಾರೆ. ಕಾಕಾನ ಕಡೆಗೂ ಒಮ್ಮೆ ಓರೆಗಣ್ಣಿನಿಂದ ನೋಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

‘ಗಣ್ಣ ಕೆರೀಬೇಕಂತ ನಿಮಗ ಯಾರು ಹೇಳಿದ್ರು?’ ಎಂದು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಕೇಳಿದೆ.

ಅವನು ಬೆಚ್ಚಲಿಲ್ಲ. ‘ನೀವ ಹೇಳೀರಲ್ರಿ. ನಮ್ಮೂರ ಚಾವಡಿ ಗ್ವಾಡಿಗಿ ಹಚ್ಚಿದ್ರಿ. ನನ್ನ ಮಗಳು ನಾಕನೇತ್ತೆ ಸಾಲಿ ಕಲತಾಳ. ಕರಕೊಂಡು ಹೋಗಿ ಓದಿಸಿದೆ. ಉಬ್ಬು ಅಂದ್ಲು. ಬಿಲ್ಲಿಗಿ ಉಬ್ಬಂದ್ರ ಗಣ್ಣ ಅಲ್ದ ಮತ್ತೇನ್ರಿ? ಮನಿಗಿ ಬಂದು ಕೆರದೆ. ತಪ್ಪೇನ್ರಿ?’

ತಪ್ಪಿರಲಿಲ್ಲ. ಗುರುತಿನ ಸಾಲಿಗೆ ಕಳಿಸಿದ ಹನ್ನೊಂದು ಜನರ ಕಡೆ ನೋಡಿದೆ. ಅವರಲ್ಲಿ ಒಬ್ಬನಿಗೂ ಅಕ್ಷರ ಬರುತ್ತಿರಲಿಲ್ಲ. ನಾನು ಗೋಡೆಗೆ ಹಚ್ಚಿಸಿದ ‘ಇರತಕ್ಕದ್ದಲ್ಲ’ ಅವರಿಗೆ ಕಾಗದದ ಮೇಲಿನ ಮಸಿ, ಅಷ್ಟೇ. ಆ ಸಾಲಿನ ಕೊನೆಗೆ ನಿಂತ ಅಪ್ಪ ಅಗರಖೇಡದವನ ಮಾತನ್ನು ಪೂರಾ ಕೇಳಿಸಿಕೊಂಡಿದ್ದ. ನನ್ನ ಕಡೆ ನೋಡಲಿಲ್ಲ.

ಮೂವತ್ತೈದು ಮಾರಿನಿಂದ ಅಪ್ಪನ ಐದು ಬಾಣಗಳಲ್ಲಿ ಮೂರು ಒಳಸುತ್ತಿಗೆ ಬಿದ್ದವು. ಉಂಗುರದವರಿಬ್ಬರು ಅವನನ್ನು ದಾಟಿದರು. ತಂಬಿಗೆ ಮುದ್ದೇಬಿಹಾಳಕ್ಕೆ ಹೋಯಿತು. ಇತ್ತ ಇಪ್ಪತ್ತು ಮಾರಿನಿಂದ ಅಗರಖೇಡದವನು ಗೆದ್ದ, ಎರಡೇ ಬಾಣ ಒಳಸುತ್ತಿಗೆ ಹಾಕಿ. ರುಮಾಲು ಅವನ ತಲೆಗೆ ಸುತ್ತಿದರು. ಅವನ ಮಗಳು ಬಂದಿರಲಿಲ್ಲ. ಬಂದಿದ್ದರೆ ಅರ್ಧ ರುಮಾಲು ಅವಳಿಗೆ ಸಲ್ಲಬೇಕಿತ್ತು.

ಇಳಿಹೊತ್ತಿಗೆ ಅಪ್ಪನೂ ನಾನೂ ಕನ್ನೊಳ್ಳಿಯ ದಾರಿ ಹಿಡಿದೆವು. ಒಂದು ಕಡೆ ಅವನು ನಿಂತು, ಜೇಬಿನಿಂದ ಕರಿ ದಾರ ತೆಗೆದು ಅದೇ ಗಣ್ಣಿನ ಮೇಲೆ ಮತ್ತೆ ಸುತ್ತಿದ.

‘ಕಾಯ್ದೆ ಬರಿಯಾಗ ನಾ ಬಾಜೂಕ ಕುಂತಿದ್ದೆ’ ಎಂದ.

‘ನಿನಗ ಹೇಳಿದ್ರ ಜನ ಸುಮ್ನ ಬಿಡ್ತಿದ್ರೇನಪ್ಪಾ?’

‘ಅಂವಗ ಅವನ ಮಗಳು ಓದಿ ಹೇಳಿದ್ಲಲ್ಲ. ಯಾವ ಜನ ಏನಂದ್ರು?’

ಗೋಡೆಯ ಮೇಲಿನದನ್ನು ಅಪ್ಪನಿಗೆ ಓದಿ ಹೇಳುವುದು ಪಕ್ಷಪಾತವಲ್ಲ, ಓದು ಬಲ್ಲ ಯಾವ ಮಕ್ಕಳಾದರೂ ಮಾಡುವ ಕೆಲಸ. ನಾನು ಕಾಪಾಡಿದ್ದು ನ್ಯಾಯವನ್ನೋ ನನ್ನ ಹೆಸರನ್ನೋ ಎಂದು ಅಂದಿನಿಂದ ನನ್ನ ಮೇಲೆ ನನಗೇ ಸಂಶಯ.

ಮರುವರ್ಷ ಕಾಯ್ದೆ ತಿದ್ದಿದೆ. ಬಿದಿರಿನ ಜೊತೆ ಹುಟ್ಟಿ ಬಂದ ಗಣ್ಣು ಗುರುತಲ್ಲ ಎಂದು ಸೇರಿಸಿದೆ. ಗೋಡೆಗೆ ಹಚ್ಚುವುದು ಬಿಟ್ಟು, ಊರೂರಿಗೆ ಹೋಗಿ ಸಂತೆಯಲ್ಲಿ, ಚಾವಡಿಯಲ್ಲಿ ನಾನೇ ನಿಂತು ಓದಿದೆ. ಕನ್ನೊಳ್ಳಿಯ ಚಾವಡಿಯಲ್ಲಿ ಅಪ್ಪ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದ. ಓದಿ ಮುಗಿಸಿ ಕಾಗದ ಮಡಿಸಿದೆ. ಅವನು ಕೈ ಎತ್ತಿದ.

‘ಗಣ್ಣಿಂದು ಇನ್ನೊಮ್ಮೆ ಓದ್ರಿ ಮಾಸ್ತರ್ರ’ ಎಂದ.

ಹೆತ್ತ ಮಗನಿಗೆ ಅವನು ‘ರಿ’ ಹಚ್ಚಿದ್ದು ಅದೇ ಮೊದಲು. ಜನ ನಕ್ಕರು. ಅವನು ಮಾತ್ರ ನಗಲಿಲ್ಲ. ನಾನು ಕಾಗದ ಬಿಡಿಸಿ ಮತ್ತೆ ಓದಿದೆ. ಅಪ್ಪ ಆ ವರ್ಷ ಪಂದ್ಯಕ್ಕೆ ಬರಲಿಲ್ಲ. ಕುರಿಗಳು ದೂರ ಹೋಗಿವೆ ಎಂದು ಹೇಳಿಕಳಿಸಿದ. ಆದರೆ ಪಂದ್ಯದ ದಿನ ಬೆಳಿಗ್ಗೆ ಕುರಿಗಳನ್ನು ನಾನು ಹಟ್ಟಿಯಲ್ಲೇ ನೋಡಿದ್ದೆ.