ನಾರಿನ ಶೆಡ್ಡಿಗೆ ನೆಂಟರು ಬಂದ ದಿನ

ಮನೆಗೆ ಯಾರೋ ಬರುತ್ತಾರೆಂದು ತಿಳಿದ ಕೂಡಲೇ ಪೊರಕೆ ಹಿಡಿದು ಓಡಾಡುವ ಹೆಂಗಸರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಸೊಸೆ ಹಾಗೆ ಮಾಡಿದರೆ ಕೂಗಾಡುತ್ತೇನೆ. ಅತ್ತೆಯದು ವಿಚಿತ್ರ ಸ್ವಭಾವ ಎಂದು ಅವಳು ನಗುತ್ತಾಳೆ. ನಗಲಿ ಬಿಡಿ, ಅವಳು ನಮ್ಮ ಚಿಕ್ಕವ್ವನನ್ನು ನೋಡಿದವಳಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ತಿಪಟೂರಿನ ಹೊರಗೆ ಸರ್ಕಾರದ್ದೇ ಒಂದು ನಾರಿನ ಕಂಪನಿಯಿತ್ತು. ತೆಂಗಿನ ಮಟ್ಟೆಯನ್ನು ಯಂತ್ರಕ್ಕೆ ಕೊಟ್ಟು ನಾರು ಬಿಡಿಸಿ, ಆ ನಾರಿನಿಂದ ಹುರಿ ಹೊಸೆಯುವ ಕೆಲಸ. ನಾನು ಆಫೀಸಿನಲ್ಲಿ ಟೈಪಿಸ್ಟು. ಚಿಕ್ಕವ್ವ ಶೆಡ್ಡಿನಲ್ಲಿ ರಾಟೆಯ ಮುಂದೆ. ನಮ್ಮವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಗಂಡನನ್ನು ಕಳೆದುಕೊಂಡು ತವರಿಗೆ ವಾಪಸು ಬಂದಿದ್ದ ಚಿಕ್ಕವ್ವನೇ ನನ್ನನ್ನು ಸಾಕಿ, ಟೈಪಿಂಗ್ ಕ್ಲಾಸಿಗೆ ಕಳಿಸಿ, ಬಸ್ಸು ಹತ್ತಿಸಿದವಳು. ಹೊನ್ನವಳ್ಳಿ ಕಡೆಯಿಂದ ಬರುವ ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೇ ಹೋಗುತ್ತಿದ್ದೆವು. ಗೇಟಿನ ಒಳಗೆ ಹೋದ ಮೇಲೆ ನಾನು ಬಲಕ್ಕೆ, ಅವಳು ಎಡಕ್ಕೆ.

ನಮ್ಮ ಕಡೆ ಕಾಯಿಯನ್ನು ಮರದಿಂದ ಇಳಿಸಿದ ಕೂಡಲೇ ಸುಲಿಯುವುದಿಲ್ಲ. ಅದು ವರ್ಷದ ಹತ್ತಿರ ಅಟ್ಟದಲ್ಲಿ ಕೂತು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾದ ಮೇಲೇ ಸುಲಿಯುವುದು. ಹಾಗಾಗಿ ಕಂಪನಿಗೆ ಬರುವ ಮಟ್ಟೆ ಸೌದೆಯ ಹಾಗೆ ಒಣಗಿರುತ್ತಿತ್ತು. ಅದನ್ನು ಯಂತ್ರಕ್ಕೆ ಕೊಟ್ಟರೆ ಕಂದು ಬಣ್ಣದ ಹೊಟ್ಟು ಮೇಲೆದ್ದು ಶೆಡ್ಡಿನೊಳಗೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಹುರಿ ಹೊಸೆಯುತ್ತಿದ್ದರು. ಸಂಜೆ ಬಸ್ಸಿನಲ್ಲಿ ಅವರೆಲ್ಲ ಕೆಮ್ಮುವುದಕ್ಕೆ ಶುರು ಮಾಡಿದರೆ ಕಂಡಕ್ಟರು ಕಿಟಕಿ ತೆಗೆಸುತ್ತಿದ್ದ. ಚಿಕ್ಕವ್ವನ ಕೆಮ್ಮು ಎಲ್ಲರಿಗಿಂತ ಜೋರು. ಮೊದಲು ಸಂಜೆ ಮಾತ್ರ ಬರುತ್ತಿದ್ದದ್ದು ಆಮೇಲಾಮೇಲೆ ಮೂರು ಹೊತ್ತೂ ಬರತೊಡಗಿತು. ತಿಪಟೂರಿನ ಡಾಕ್ಟರು ಎದೆ ನೋಡಿ, ಆ ಧೂಳಿನಲ್ಲಿ ಕೂರುವುದನ್ನು ಬಿಡಿ ಎಂದರು. ಬಿಟ್ಟು ಏನು ಮಾಡುವುದು ಎಂದು ಅವರು ಹೇಳಲಿಲ್ಲ.

ಧೂಳನ್ನು ಹೊರಗೆಳೆಯುವ ದೊಡ್ಡ ಫ್ಯಾನೊಂದನ್ನು ಹಾಕಿಸಬೇಕೆಂದು ಕಂಪನಿಯ ಬೋರ್ಡಿನಲ್ಲೇ ತೀರ್ಮಾನವಾಗಿತ್ತು. ಗೋಡೆಯಲ್ಲಿ ಅದಕ್ಕಾಗಿ ಗುಂಡಗೆ ತೂತನ್ನೂ ಕೊರೆದಿದ್ದರು. ಆಮೇಲೆ ಫ್ಯಾನು ಬರಲಿಲ್ಲ. ಮಳೆ ಹೊಡೆಯದಿರಲೆಂದು ತೂತಿಗೆ ಗೋಣಿಚೀಲ ಕಟ್ಟಿದರು.

ಫ್ಯಾನು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಿತ್ತು, ಯಾಕೆಂದರೆ ಬೋರ್ಡಿನ ಸಭೆಯಲ್ಲಿ ಮೂಲೆಯಲ್ಲಿ ಕೂತು ಮಾತು ಬರೆದುಕೊಳ್ಳುತ್ತಿದ್ದವಳು ನಾನೇ. ನಮ್ಮ ಎಂ.ಡಿ.ಯವರ ಸಂಬಳಕ್ಕೆ ಸರ್ಕಾರ ಮಿತಿ ಹಾಕಿತ್ತು. ಜಾಸ್ತಿ ಮಾಡಬೇಕೆಂದರೆ ಬೆಂಗಳೂರಿನ ಅಪ್ಪಣೆ ಬೇಕು, ಬೆಂಗಳೂರು ಒಪ್ಪುತ್ತಿರಲಿಲ್ಲ. ಪಾಪ, ಇಷ್ಟು ದೊಡ್ಡ ಮನುಷ್ಯರು ಈ ಊರಲ್ಲಿ ಬಂದು ಬಿದ್ದಿದ್ದಾರಲ್ಲ ಎಂದು ಬೋರ್ಡಿನವರಿಗೆಲ್ಲ ಕರುಳು ಚುರ್ ಎನ್ನುತ್ತಿತ್ತು. ಅಧ್ಯಕ್ಷರು ಕೊಬ್ಬರಿ ಮಂಡಿಯವರು, ಒಂದು ದಿನ ಎಲೆ ಅಡಿಕೆ ಮೆಲ್ಲುತ್ತ ದಾರಿ ತೋರಿಸಿದರು.

"ಸಂಬಳ ಜಾಸ್ತಿ ಮಾಡೋಕೆ ಸರ್ಕಾರ ಬುಡಲ್ಲ, ಸರಿ. ಸಾಹೇಬ್ರ ಮನೆ ರಿಪೇರಿ ಮಾಡ್ಸೋಕೆ ಯಾರಪ್ಪ ಅಡ್ಡ ಬತ್ತಾರೆ?"

ಬೆಂಗಳೂರಿನಿಂದ ಸರ್ಕಾರದ ಪರವಾಗಿ ಬಂದು ಕೂರುತ್ತಿದ್ದ ಅಧಿಕಾರಿ ಎಳನೀರು ಕುಡಿದು ತಲೆಯಾಡಿಸಿದರು. ಶೆಡ್ಡಿನ ಫ್ಯಾನನ್ನು ಮುಂದಕ್ಕೆ ಹಾಕಿ ಆ ದುಡ್ಡಿನಲ್ಲಿ ಎಂ.ಡಿ.ಯವರ ಬಂಗಲೆಗೆ ಹೊಸ ಹೆಂಚು, ಕಿಟಕಿಗೆ ಸೊಳ್ಳೆಪರದೆ, ಹಾಲಿಗೊಂದು ಕೂಲರು ಹಾಕಿಸಿದರು. ಬಂಗಲೆಯ ಅಡಿಗೆಯವನನ್ನೂ ಮಾಲಿಯನ್ನೂ ಕಂಪನಿಯ ಲೆಕ್ಕದಲ್ಲಿ ಹುರಿ ಹೊಸೆಯುವ ಕೂಲಿಗಳೆಂದು ಬರೆದುಕೊಂಡರು. ಎಂ.ಡಿ. ಕೆಟ್ಟ ಮನುಷ್ಯರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮೆತ್ತಗಿನ ಮಾತು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕೆಲಸಗಾರರ ಮನೆಯಲ್ಲಿ ಸಾವಾದರೆ ತಪ್ಪದೆ ಹೋಗಿ ಬರುತ್ತಿದ್ದರು.

ನಾನು ಸುಮ್ಮನಿರುವವಳಲ್ಲ. ಫ್ಯಾನು ಬಂಗಲೆಯ ಕೂಲರಾದ ಕಥೆಯನ್ನೆಲ್ಲ ಅರ್ಜಿಯಲ್ಲಿ ಬರೆದೆ. ಶೆಡ್ಡಿನ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ಮೊದಲು ಒತ್ತಿದವಳು ಚಿಕ್ಕವ್ವ. "ಒಂದು ಫ್ಯಾನು ಬಂದ್ರೆ ಸಾಕು ಕಣವ್ವ, ಇನ್ನೇನೂ ಬ್ಯಾಡ ನನ್ಗೆ" ಎಂದಳು. ಅರ್ಜಿ ಬೆಂಗಳೂರಿಗೆ ಹೋಯಿತು. ಹೋದದ್ದು ಹೋದ ಹಾಗೇ ಎಂದು ನಾವು ಕೈ ಬಿಟ್ಟಿದ್ದಾಗ, ಕಂಪನಿಯ ಖರ್ಚು ವೆಚ್ಚ, ಎಂ.ಡಿ.ಯವರ ಸಂಬಳ ಸವಲತ್ತು, ಶೆಡ್ಡಿನ ಸ್ಥಿತಿ ಎಲ್ಲವನ್ನೂ ಕಣ್ಣಾರೆ ನೋಡಲು ಸರ್ಕಾರದ ತಂಡವೊಂದು ಬರುತ್ತದೆಂದು ಸುದ್ದಿ ಬಂತು. ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ತಂಡ ಬರುವ ಹಿಂದಿನ ದಿನ ಮಧ್ಯಾಹ್ನ ಶೆಡ್ಡಿನ ಕಡೆ ಹೋದರೆ ಹೆಂಗಸರು ಮಟ್ಟೆಯನ್ನು ಹೊತ್ತು ಹೊತ್ತು ನೀರಿನ ತೊಟ್ಟಿಗೆ ಹಾಕುತ್ತಿದ್ದಾರೆ. ನೆನೆದ ಮಟ್ಟೆಯನ್ನು ಯಂತ್ರಕ್ಕೆ ಕೊಟ್ಟರೆ ಹೊಟ್ಟು ಏಳುವುದಿಲ್ಲ. ದಿನಾ ಹಾಗೆ ಮಾಡುವ ಹಾಗಿರಲಿಲ್ಲ, ಒದ್ದೆ ನಾರನ್ನು ಒಣಗಿಸುತ್ತ ಕೂತರೆ ಅರ್ಧ ಕೆಲಸವೂ ಆಗುತ್ತಿರಲಿಲ್ಲ. ಶೆಡ್ಡಿನ ಮ್ಯಾನೇಜರೇ ಹೇಳಿರಬೇಕೆಂದು ನನ್ನ ಪಿತ್ತ ನೆತ್ತಿಗೇರಿತು.

"ಯಾರು ಹೇಳಿದ್ದು ನಿಮ್ಗೆ ಹಿಂಗೆ ಮಾಡಿ ಅಂತ?"

"ಯಾರು ಯಾಕೆ ಹೇಳ್ಬೇಕು?" ಚಿಕ್ಕವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. "ನಾಳೆ ದೊಡ್ಡೋರು ಬತ್ತಾರೆ. ಶೆಡ್ಡು ಹಿಂಗಿದ್ರೆ ಏನಂದ್ಕಂಡಾರು? ನಾಕು ಜನ ಹೆಂಗಸ್ರು ಇದ್ದು ಒಂದು ಕಸ ಗುಡ್ಸಕ್ಕೆ ಬರಲ್ವಾ ಇವರಿಗೆ ಅನ್ನಲ್ವಾ?"

"ಚಿಕ್ಕವ್ವ, ಅವರು ಬರೋದೇ ಧೂಳು ನೋಡೋಕೆ. ನೋಡ್ಲಿ ಬಿಡು. ಕೆಮ್ಮಲಿ ಒಂದು ಗಳಿಗೆ."

"ಮನೆಗೆ ಬಂದೋರ ಬಾಯಿಗೆ ಮಣ್ಣು ಹಾಕ್ತಾರಾ? ನಿಮ್ಮವ್ವ ಇದ್ದಿದ್ರೆ ಈ ಮಾತಿಗೆ ನಿನ್ನ ಬಾಯಿಗೇ ಹೊಡೀತಿದ್ಲು. ನಾವು ಬಾಯಲ್ಲಿ ಹೇಳ್ತೀವಿ ಬುಡು, ಫ್ಯಾನು ಬೇಕು ಅಂತ."

ಕೂಗಾಡಿದೆ, ಕೈ ಮುಗಿದೆ. ಯಾರೂ ಕೇಳಲಿಲ್ಲ. ಮಾರನೆಯ ದಿನ ಮೊದಲನೇ ಬಸ್ಸಿಗೇ ಎಲ್ಲರೂ ಹಾಜರು. ಮದುವೆ ಮುಂಜಿಗೆಂದು ಎತ್ತಿಟ್ಟ ಸೀರೆ, ಮುಡಿಯುವವರ ತಲೆಗೆ ಹೂವು. ನೆಲ ತೊಳೆದು, ಜಂತಿಯ ಬಲೆ ತೆಗೆದು, ಬಾಗಿಲಿಗೆ ರಂಗೋಲಿ ಬಿಟ್ಟರು. ಗೋಡೆಯ ತೂತಿಗೆ ಕಟ್ಟಿದ್ದ ಹರಕು ಗೋಣಿ ನೋಡಕ್ಕೆ ಚೆನ್ನಾಗಿಲ್ಲವೆಂದು ಅದರ ಮೇಲೆ ಶಿವನ ದೊಡ್ಡ ಪಟ ನೇತುಹಾಕಿ ಹಾರ ಹಾಕಿದವಳು ಚಿಕ್ಕವ್ವ. ಮ್ಯಾನೇಜರು ಬಂದು ನೋಡಿ ಏನೂ ಹೇಳದೆ ಹೊರಟುಹೋದರು. ಅವರಿಗೆ ಹೇಳುವ ಅಗತ್ಯವೇ ಉಳಿದಿರಲಿಲ್ಲ.

ತಂಡದ ಹಿರಿಯರು ನಿಜವಾಗಿ ಶಿಸ್ತಿನ ಮನುಷ್ಯ. ಕಂಪನಿಯ ಊಟ ಬೇಡವೆಂದು ಡಬ್ಬಿ ತಂದಿದ್ದರು. ಕಾರಿನಲ್ಲಿಡಲು ಹೋದ ಕೊಬ್ಬರಿ ಚೀಲವನ್ನು ಗದರಿಸಿ ಇಳಿಸಿದರು. ಎಂ.ಡಿ.ಯವರ ಸಂಬಳವನ್ನು ಪೈಸೆ ಬಿಡದೆ ತಾಳೆ ನೋಡಿದರು. ಎಲ್ಲ ಮಿತಿಯೊಳಗೇ ಇತ್ತು. ಬಂಗಲೆ ಕಂಪನಿಯ ಆಸ್ತಿ, ರಿಪೇರಿಗೆ ಬೋರ್ಡಿನ ಒಪ್ಪಿಗೆ ಇದೆ, ಕೂಲರೂ ಕಂಪನಿಯದೇ. ಅವರ ಕನ್ನಡಕಕ್ಕೆ ಕಾಣುವುದರಲ್ಲಿ ತಪ್ಪು ಇರಲಿಲ್ಲ.

ಆಮೇಲೆ ಶೆಡ್ಡಿಗೆ ಬಂದರು. ನಾನು ನೋಟ್‌ಪುಸ್ತಕ ಹಿಡಿದು ಹಿಂದೆ. ಒಳಗೆ ಒದ್ದೆ ನಾರಿನ ತಂಪು ವಾಸನೆ. ಚಿಕ್ಕವ್ವನ ಪಕ್ಕದ ರಾಟೆಯ ಮುಂದೆ ಬಂಗಲೆಯ ಅಡಿಗೆಯವನು ಬೆವರುತ್ತ ಕೂತಿದ್ದ. ಬೆಳಿಗ್ಗೆ ಕರೆದುತಂದು ಕೂರಿಸಿದ್ದರು. ಅವನ ಕೈಯಲ್ಲಿ ಹುರಿ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಹಿರಿಯರು ಅಲ್ಲೇ ನಿಂತು, "ಇವರು ಇಲ್ಲೇ ಕೆಲಸ ಮಾಡೋರೇನಮ್ಮ?" ಎಂದು ಚಿಕ್ಕವ್ವನನ್ನು ಕೇಳಿದರು. ಅವಳು ಕೈ ಚಾಚಿ ಅವನ ಹುರಿಯನ್ನು ತಾನೇ ಸೇರಿಸಿ ಕೊಟ್ಟಳು.

"ಹೂಂ ಸ್ವಾಮಿ. ಹೊಸಬ, ಕಲೀತಾನೆ."

ಅಡಿಗೆಯವನಿಗೆ ಮನೆ ತುಂಬ ಮಕ್ಕಳು. ಅವನ ಅನ್ನ ಕಿತ್ತುಕೊಳ್ಳಲು ಅವಳಿಂದ ಆಗಲಿಲ್ಲ. ಅದನ್ನು ನಾನು ಇವತ್ತಿಗೂ ತಪ್ಪೆನ್ನುವುದಿಲ್ಲ.

ಹಿರಿಯರು ಸುತ್ತ ನೋಡಿ, "ಇಷ್ಟು ಚೊಕ್ಕಟವಾದ ಕಾರ್ಖಾನೆ ನಾನು ನೋಡಿಯೇ ಇಲ್ಲ. ಧೂಳು ಅಂತ ಅರ್ಜಿ ಬಂದಿತ್ತಲ್ಲ?" ಎಂದರು. ಹೆಂಗಸರು ನಾಚಿಕೊಂಡು ಸೆರಗು ಬಾಯಿಗಿಟ್ಟು ನಕ್ಕರು. ಹೊಗಳಿಸಿಕೊಂಡ ಖುಷಿ ಅವರ ಮುಖದಲ್ಲಿ ಕಾಣುತ್ತಿತ್ತು. ಫ್ಯಾನು ಬೇಕೆಂದು ಯಾರೂ ಬಾಯಿ ಬಿಡಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಸಾರ್, ನೀವು ಬರ್ತೀರಿ ಅಂತ ತೊಳೆದಿದ್ದಾರೆ. ಮಟ್ಟೆ ನೆನೆಸಿದ್ದಾರೆ. ದಿನಾ ಹೀಗಿರಲ್ಲ ಸಾರ್, ಉಸಿರಾಡೋಕಾಗಲ್ಲ."

ಎಂ.ಡಿ.ಯವರು ನೆಲ ನೋಡಿದರು. ಹಿರಿಯರು ಕೋಪ ಮಾಡಿಕೊಳ್ಳದೆ ಚಿಕ್ಕವ್ವನ ಕಡೆ ತಿರುಗಿ ಸಮಾಧಾನವಾಗಿಯೇ ಕೇಳಿದರು.

"ಹೌದೇನಮ್ಮ? ನಾವು ಬರ್ತೀವಿ ಅಂತ ಇವತ್ತು ಮಾತ್ರ ಚೊಕ್ಕಟ ಮಾಡಿದ್ದೀರಾ?"

ಚಿಕ್ಕವ್ವ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ನೆಂಟರ ಎದುರಿಗೆ ಅಡಿಗೆಮನೆಯ ಮುಸುರೆ ಪಾತ್ರೆ ತಂದಿಟ್ಟವಳನ್ನು ನೋಡುವ ಹಾಗೆ ನೋಡಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲಿಗೆ ಬಂದ ಕೆಮ್ಮನ್ನು ನುಂಗಿ ಹೇಳಿದಳು.

"ಇಲ್ಲ ಸ್ವಾಮಿ. ದಿನಾ ಹಿಂಗೇ ಇರ್ತದೆ."

ಉಳಿದವರೂ ಹೌದೆಂದು ತಲೆಯಾಡಿಸಿದರು. ನೆಂಟರು ಬಂದ ದಿನ ಮಾತ್ರ ಮನೆ ಗುಡಿಸುತ್ತೇವೆಂದು ನಮ್ಮ ಕಡೆಯ ಯಾವ ಹೆಂಗಸು ಒಪ್ಪಿಕೊಂಡಾಳು? ಧೂಳೆಳೆಯುವ ಫ್ಯಾನಿನ ಅಗತ್ಯ ಕಾಣುವುದಿಲ್ಲವೆಂದು ಹಿರಿಯರು ಅಲ್ಲೇ ಹೇಳಿದರು. ಅದನ್ನು ಬರೆದುಕೊಂಡವಳೂ ನಾನೇ.

ಸಂಜೆ ಬಸ್ ಸ್ಟಾಪಿನಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆ ನಿಂತಿದ್ದೆವು. ಬಸ್ಸಿನಲ್ಲಿ ಅವಳೇ ಬಂದು ಪಕ್ಕದಲ್ಲಿ ಕೂತಳು. "ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ ಕಣೇ" ಎಂದಳು. ಅಷ್ಟೇ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಅವಳು ದಾರಿಯುದ್ದಕ್ಕೂ ಕೆಮ್ಮಿದಳು.

ಫ್ಯಾನು ಆ ಶೆಡ್ಡಿಗೆ ಯಾವತ್ತೂ ಬರಲಿಲ್ಲ. ಮಾರನೆಯ ದಿನದಿಂದ ಒಣ ಮಟ್ಟೆ, ಅದೇ ಹೊಟ್ಟು. ಶಿವನ ಪಟ ಅಲ್ಲೇ ಉಳಿಯಿತು, ಕೆಲವು ವಾರಗಳಲ್ಲಿ ಶಿವ ಯಾರೆಂದು ಗುರುತು ಸಿಗದ ಹಾಗಾಯಿತು. ಬೋರ್ಡಿನ ಸಭೆಗೆ ನನ್ನನ್ನು ಮತ್ತೆ ಕರೆಯಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಚಿಕ್ಕವ್ವನಿಗೆ ಮನೆಯ ಹೊಸಿಲು ದಾಟಲೂ ಉಸಿರು ಸಾಲದಾಯಿತು. ಒಂದು ಬೇಸಿಗೆಯ ಬೆಳಿಗ್ಗೆ ಗೋಡೆಗೆ ಒರಗಿ ಕೂತವಳು ಮತ್ತೆ ಏಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ತಂಡ ಬಂದ ದಿನ ಶೆಡ್ಡಿಗೆ ಉಟ್ಟು ಬಂದಿದ್ದಳಲ್ಲ, ಆ ಒಳ್ಳೆ ಸೀರೆಯನ್ನೇ ಉಡಿಸಿ ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಕೂರಿಸಿದೆವು. ಯಾರೋ ಬರುವವರನ್ನು ಕಾಯುತ್ತಿರುವ ಹಾಗೆ ಕಾಣುತ್ತಿದ್ದಳು. ಶೆಡ್ಡಿನ ಹೆಂಗಸರೆಲ್ಲ ಬಂದಿದ್ದರು. ಅಡಿಗೆಯವನು ಜಗಲಿಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಆಗ ಊರ ಮುಂದಿನ ಮಣ್ಣು ರಸ್ತೆಯಲ್ಲಿ ಕಂಪನಿಯ ಅಂಬಾಸಿಡರ್ ಕಾರು ಬರುವುದು ಕಂಡಿತು.

"ಸಾಹೇಬ್ರು ಬಂದ್ರು ಕಣ್ರೇ, ಅಂಗಳಕ್ಕೆ ಒಂದೀಟು ನೀರು ಹಾಕ್ರಿ, ಧೂಳು ಏಳ್ತದೆ" ಎಂದು ಒಬ್ಬಳು ಬಿಂದಿಗೆ ಎತ್ತಿಕೊಂಡು ಓಡಿದಳು. ಹೋಗಿ ಕಸಿದುಕೊಂಡೆ. ಅರ್ಧ ನೀರು ನನ್ನ ಮೇಲೇ ಚೆಲ್ಲಿತು.

"ಒಂದು ತೊಟ್ಟು ಹಾಕಿದ್ರೆ ನೋಡಿ ನೀವು."

ಕಾರು ಅಂಗಳದವರೆಗೂ ಬಂದು ನಿಂತಿತು. ಅದರ ಹಿಂದೆ ಬಂದ ಧೂಳು ನಿಲ್ಲದೆ ಬಾಗಿಲು ದಾಟಿ ಒಳಗೆ ಬಂತು. ಚಿಕ್ಕವ್ವನ ಸೀರೆಯ ಮೇಲೆ, ವಿಭೂತಿಯ ಮೇಲೆ ಕೂತಿತು. ಎಂ.ಡಿ.ಯವರು ಹಾರ ಹಿಡಿದು ಇಳಿದವರು ಇನ್ನೊಂದು ಕೈಯಲ್ಲಿ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ಎರಡು ಸಲ ಕೆಮ್ಮಿದರು.

"ಎಷ್ಟು ಧೂಳಮ್ಮ ಇಲ್ಲಿ" ಎಂದರು ಮೆತ್ತಗೆ.

ನಾನು ಅರ್ಧ ನೀರಿದ್ದ ಬಿಂದಿಗೆ ಹಿಡಿದುಕೊಂಡೇ ನಿಂತಿದ್ದೆ.

"ದಿನಾ ಹಿಂಗೇ ಇರ್ತದೆ ಸಾರ್" ಎಂದೆ.