ಲಾಭ, ಒಂದು

ಅಜ್ಜಂಪುರದ ರೈಲ್ವೆ ಗೇಟಿನ ಬಳಿ ಮೋಟಾರು ವೈಂಡಿಂಗ್ ಮಾಡುವ ಮೃತ್ಯುಂಜಯನು ತಂತಿಯ ಸುತ್ತುಗಳನ್ನು ಒಂದರಿಂದ ಎಣಿಸಿದವನಲ್ಲ. ಅವನ ತಂದೆ ಮಂಡಿಯಲ್ಲಿ ರಾಗಿ ಅಳೆಯುತ್ತಿದ್ದವರು. ಉಳಿದವರು ಮೊದಲ ಕೊಳಗಕ್ಕೆ ‘ಲಾಭ’ ಎಂದು, ಮುಂದಿನದಕ್ಕೆ ‘ಎರಡು’ ಎನ್ನುವರು. ಇವರು ಮಾತ್ರ ‘ಲಾಭ’ ಎಂದ ಮೇಲೆ ಮತ್ತೆ ‘ಒಂದು’ ಎಂದು ಶುರುಮಾಡುವರು. ಆ ಮೊದಲ ಕೊಳಗ ಲೆಕ್ಕಕ್ಕೆ ಸೇರದು, ಕೊಂಡವನ ಪಾಲು. ಮಗನ ಕೈಗೂ ಅದೇ ರೂಢಿ ಬಂದಿತು. ಸುತ್ತು ಒಂದು ಹೆಚ್ಚಾದರೆ ಮೋಟಾರಿಗೇನೂ ಕೇಡಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಅದನ್ನು ಯಾರೂ ತಪ್ಪೆಂದಿರಲಿಲ್ಲ.

ಅವನೊಡನೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದ ದೇವೀರಪ್ಪ ಬಾವಿಗಳ ಹೂಳೆತ್ತುವವನು. ಕಳೆದ ಬೇಸಿಗೆಯಲ್ಲಿ ಕಡೂರಿನ ಕಡೆಯ ಬಾವಿಯೊಂದರಲ್ಲಿ ಅವನು ಕೆಳಗಿನಿಂದ ‘ನಿಲ್ಸಿ’ ಎಂದು ಕೂಗಿದ್ದು ಹೂಳೆತ್ತುವ ಕ್ರೇನಿನ ಮೋಟಾರಿನ ಸದ್ದಿನಲ್ಲಿ ಮೇಲಿನವರಿಗೆ ಕೇಳಿಸಲಿಲ್ಲ. ಹೂಳು ತುಂಬುವ ತೊಟ್ಟಿಗೂ ಬಾವಿಯ ಕಲ್ಲಿಗೂ ನಡುವೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಅವನ ಮಗ್ಗುಲಲ್ಲಿ ಕುಳಿತ ಮೃತ್ಯುಂಜಯನಿಗೆ ಒಂದೇ ಯೋಚನೆ: ನಿಲ್ಲಿಸುವ ಗುಂಡಿ ಇಳಿದವನ ಕೈಯಲ್ಲೇ ಇರಬೇಕು.

ಈ ಬೇಸಿಗೆಗೆ ಅವನು ರಿಮೋಟಿನ ಆಜ್ಞೆಯಂತೆ ಕ್ರೇನು ನಡೆಸುವ ನಾಲ್ಕು ಚಾನೆಲ್ಲಿನ ರಿಸೀವರೊಂದನ್ನು ತರಿಸಿದನು. ಅಂಗೈಯಗಲದ ಹಲಗೆ, ಅದರ ಮೇಲೆ ಸಾಲಾಗಿ ಸ್ವಿಚ್ಚಿನ ಕೆಲಸ ಮಾಡುವ ನಾಲ್ಕು ರಿಲೇಗಳು. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಹಾರನ್ನಿಗೆ, ನಾಲ್ಕನೆಯದು ಖಾಲಿ. ಮೂಲೆಯ ಪುಟ್ಟ ಗುಂಡಿಯನ್ನು ಒಮ್ಮೆ ಒತ್ತಿ ರಿಮೋಟನ್ನು ಪರಿಚಯಿಸಿದರೆ, ರಿಮೋಟಿನ ಮೇಲೆ ಬೆರಳಿರುವಷ್ಟು ಹೊತ್ತು ಮಾತ್ರ ಮೋಟಾರು ತಿರುಗುವುದು. ಎರಡು ಸಲ ಒತ್ತಿ ಪರಿಚಯಿಸಿದರೆ, ಬೆರಳೆತ್ತಿದರೂ ತಿರುಗುತ್ತಲೇ ಇರುವುದು. ಇನ್ನೊಮ್ಮೆ ಒತ್ತಿದಾಗಲೇ ನಿಲ್ಲುವುದು. ಎಂಟು ಸಲ ಒತ್ತಿದರೆ ಕಲಿತದ್ದೆಲ್ಲ ಮರೆತುಬಿಡುವುದು. ಅಂಗಡಿಯಲ್ಲಿ ವಿವರದ ಚೀಟಿಯನ್ನು ಎದುರಿಗಿಟ್ಟುಕೊಂಡು, ಬಲ್ಬು ಸಿಕ್ಕಿಸಿ, ಸಣ್ಣ ರಿಮೋಟೊಂದನ್ನು ಅವನು ಸರಿಯಾಗಿಯೇ ಕಲಿಸಿದ್ದನು.

ಅಮೃತಾಪುರದಲ್ಲಿ ಮಲ್ಲಿಕಾಂಬ ಎಂಬುವರ ಹೊಲದ ಬಾವಿ ಅರವತ್ತು ಅಡಿ. ಕ್ರೇನಿನ ಕಂಬಕ್ಕೆ ರಿಸೀವರ್ ಕಟ್ಟುವಷ್ಟರಲ್ಲಿ ಹತ್ತೂವರೆಯಾಗಿತ್ತು.

“ಟೀವಿ ನೋಡಾಕೆ ಬಂದ್ರೋ, ಬಾವಿ ಕೆಲ್ಸಕ್ಕೆ ಬಂದ್ರೋ?” ಎಂದರು ಮಲ್ಲಿಕಾಂಬ. “ಹನ್ನೆರಡಕ್ಕೆ ತ್ರೀ ಫೇಸ್ ಹೋಯ್ತದೆ ಕಣ್ರಪ್ಪ.”

ದೇವೀರಪ್ಪ ರಿಮೋಟನ್ನು ಕೈಯಲ್ಲಿ ತಿರುಗಿಸಿ ನೋಡಿದನು. “ಲೇ, ಈ ಗುಂಡಿ ಸಾಸಿವೆ ಕಾಳಿದ್ದಂಗೈತೆ. ಕೆಸರುಗೈಗೆ, ಅದೂ ಈ ಕೈಗೆ, ಸಿಗಾಕಿಲ್ಲ. ಚೀಲದಾಗೆ ದೊಡ್ಡದೊಂದು ಕಂಡ್ನಲ್ಲ, ಅದು ಕೊಡು.”

“ಅದಕ್ಕಿನ್ನೂ ಕಲಿಸಿಲ್ಲ ಕಣೋ.”

“ಕಲ್ಸು. ಮೇಷ್ಟ್ರು ನೀನೇ ತಾನೆ?”

ಚೀಟಿ ಅಂಗಡಿಯಲ್ಲಿಯೇ ಉಳಿದಿತ್ತು. ಮೃತ್ಯುಂಜಯನು ರಿಸೀವರಿನ ಪೆಟ್ಟಿಗೆ ತೆರೆದು ಮೂಲೆಯ ಗುಂಡಿ ಒತ್ತಿ, ದೊಡ್ಡ ರಿಮೋಟನ್ನು ಕಲಿಸಿದನು. ರಿಮೋಟು ಒತ್ತಿದನು, ಹಗ್ಗ ಸುತ್ತುವ ಡ್ರಮ್ಮು ತಿರುಗಿತು. ಮರುಗಳಿಗೆಯೇ ಮತ್ತೆ ಒತ್ತಿದನು, ನಿಂತಿತು. ಬೆರಳೆತ್ತಿದ್ದಕ್ಕೆ ನಿಂತಿತೋ, ಎರಡನೆಯ ಸಲ ಒತ್ತಿದ್ದಕ್ಕೆ ನಿಂತಿತೋ ನೋಡುವ ತಾಳ್ಮೆ ಅವನಿಗಿರಲಿಲ್ಲ. ದೊಡ್ಡದನ್ನು ದೇವೀರಪ್ಪನಿಗೆ ಕೊಟ್ಟು, ಸಣ್ಣದನ್ನು ತಾನಿಟ್ಟುಕೊಂಡನು.

ತೊಟ್ಟಿಯಲ್ಲಿ ನಿಂತ ಗೆಳೆಯನನ್ನು ಅವನು ಸಣ್ಣ ರಿಮೋಟಿನಿಂದ ಮೆಲ್ಲಗೆ ಕೆಳಗಿಳಿಸಿದನು. ಅರ್ಧ ಗಂಟೆಯ ಮೇಲೆ ಬಾವಿಯಿಂದ ‘ಬತ್ತೀನಿ’ ಎಂಬ ಕೂಗು ಕೇಳಿಸಿತು. ದೇವೀರಪ್ಪ ತಾನೇ ಗುಂಡಿಯೊತ್ತಿ ಹೂಳಿನ ಸಮೇತ ಏರಿ ಬರತೊಡಗಿದನು. ಅವನ ತಲೆ ಕಾಣಿಸಿತು, ಎದೆ ಕಾಣಿಸಿತು, ತೊಟ್ಟಿ ಬಾವಿಯ ಕಟ್ಟೆಗೆ ಸಮನಾಯಿತು.

“ಬೆರಳೆತ್ತು,” ಎಂದನು ಮೃತ್ಯುಂಜಯ.

“ಎತ್ತಿದೀನಿ ಕಣೋ.”

ತೊಟ್ಟಿ ನಿಲ್ಲಲಿಲ್ಲ. ಕಟ್ಟೆಯನ್ನು ದಾಟಿ ರಾಟೆಯ ಕಡೆಗೆ ಏರಿತು. ತೊಟ್ಟಿ ರಾಟೆಗೆ ಬಡಿದರೆ ಹಗ್ಗ ಹರಿಯುವುದು. ಕೆಳಗೆ ಅರವತ್ತು ಅಡಿ. ದೇವೀರಪ್ಪ ಎರಡೂ ಕೈಯಿಂದ ಹಗ್ಗವನ್ನು ತಬ್ಬಿಕೊಂಡನು. ದೊಡ್ಡ ರಿಮೋಟು ಜಾರಿ ಬಾವಿಯೊಳಕ್ಕೆ ಬಿತ್ತು. ಮೃತ್ಯುಂಜಯನು ತನ್ನ ರಿಮೋಟಿನಲ್ಲಿ ಕೆಳಗಿಳಿಸುವ ಗುಂಡಿಯನ್ನು ಒತ್ತಿದನು. ಫಲವಾಗಲಿಲ್ಲ. ಮೇಲಕ್ಕೆ ಹೋಗುತ್ತಿರುವಾಗ ಕೆಳಗಿನದು ಕೆಲಸ ಮಾಡಬಾರದೆಂದು ತಂತಿ ಬಿಗಿದವನು ಅವನೇ.

ಫ್ಯೂಜು ಇದ್ದದ್ದು ಪಂಪ್‌ಹೌಸಿನ ಗೋಡೆಯಲ್ಲಿ, ಇಪ್ಪತ್ತು ಹೆಜ್ಜೆ ದೂರ. ಅವನು ಓಡಿದನು. ಹಿಂದಿನಿಂದ ಡ್ರಮ್ಮಿನ ಕರಕರ ಸದ್ದು ಬರುತ್ತಲೇ ಇತ್ತು. ನೇಗಿಲ ಸಾಲಿಗೆ ಕಾಲು ತೊಡರಿ ಬಿದ್ದು, ಎದ್ದು, ಮೂರು ಫ್ಯೂಜುಗಳಲ್ಲಿ ಕೈಗೆ ಸಿಕ್ಕಿದ ಎರಡನ್ನು ಕಿತ್ತನು. ಸದ್ದು ನಿಂತಿತು. ತಿರುಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

“ಅವ್ನೆ ಕಣಪ್ಪ,” ಎಂದು ಮಲ್ಲಿಕಾಂಬ ಕೂಗಿ ಹೇಳಿದರು. “ಮೇಲೇ ಅವ್ನೆ.”

ಕರೆಂಟು ಹೋದೊಡನೆ ಬ್ರೇಕು ಕಚ್ಚಿಕೊಂಡಿತ್ತು. ರಾಟೆಗೆ ಒಂದು ಗೇಣು ಉಳಿದಿತ್ತು. ಕ್ರೇನಿನ ತೋಳನ್ನು ನೆಲದ ಕಡೆಗೆ ತಿರುಗಿಸಿ, ಏಣಿ ತಂದು ದೇವೀರಪ್ಪನನ್ನು ಇಳಿಸಿದರು. ಅವನು ನೆಲದ ಮೇಲೆ ಕುಳಿತನು.

“ಕಲ್ಸುವಾಗ ಎಷ್ಟು ಸಲ ಒತ್ತಿದ್ದೆ?” ಎಂದು ಕೇಳಿದನು.

“ಒಂದೇ ಸಲ.”

“ಎಣ್ಸಿ ತೋರ್ಸು.”

ಮೃತ್ಯುಂಜಯನು ಬೆರಳನ್ನು ಗಾಳಿಯಲ್ಲಿ ಆಡಿಸಿದನು. “ಲಾಭ, ಒಂ…” ಎಂದವನು ಅಲ್ಲಿಗೇ ನಿಂತನು. ಬೆರಳು ಆಗಲೇ ಎರಡು ಸಲ ಆಡಿತ್ತು.

“ನಾನೇನು ರಾಗಿಯೇನಲೇ,” ಎಂದನು ದೇವೀರಪ್ಪ. ಅವನು ನಗಲಿಲ್ಲ. “ಈ ಬಾವಿಗೆ ನಾನಿನ್ನು ಇಳಿಯಾಕಿಲ್ಲ.”

ಮೃತ್ಯುಂಜಯನು ಫ್ಯೂಜು ಹಾಕಿ ಬಂದು ಪೆಟ್ಟಿಗೆ ತೆರೆದನು. ‘ಒಂದು’ ಎಂದು ಗಟ್ಟಿಯಾಗಿ ಶುರುಮಾಡಿ, ಎಂಟು ಸಲ ಒತ್ತಿ ಎಲ್ಲವನ್ನೂ ಮರೆಸಿದನು. ಉಳಿದಿದ್ದ ಸಣ್ಣ ರಿಮೋಟಿಗೆ ಹೊಸದಾಗಿ, ಒಂದೇ ಸಲ ಒತ್ತಿ ಕಲಿಸಿದನು. ಹೂಳು ಸುರಿದು, ತೋಳನ್ನು ಮತ್ತೆ ಬಾವಿಯ ಮೇಲಕ್ಕೆ ತಿರುಗಿಸಿ, ಖಾಲಿ ತೊಟ್ಟಿಯನ್ನು ಹತ್ತು ಬಾರಿ ಇಳಿಸಿ ಏರಿಸಿ, ಪ್ರತಿ ಸಲವೂ ಬೆರಳೆತ್ತಿ ನೋಡಿದನು. ಆಮೇಲೆ ಚಪ್ಪಲಿ ಬಿಟ್ಟು ತಾನೇ ತೊಟ್ಟಿಗೆ ಹತ್ತಿದನು.

“ಏನ್ ಮಾಡ್ತೀಯೋ?”

“ನೀನು ಫ್ಯೂಜಿನ ಹತ್ರ ನಿಂತ್ಕೊ.”

ಬಾವಿಗೆ ಒಮ್ಮೆಯೂ ಇಳಿದವನಲ್ಲ ಅವನು. ಕಲ್ಲುಗೋಡೆ ಮೇಲಕ್ಕೆ ಸರಿಯಿತು, ಬೆಳಕು ಕಿರಿದಾಯಿತು, ಮೋಟಾರಿನ ಸದ್ದು ಬಾವಿಯ ತುಂಬ ಮೊಳಗಿತು. ನಡುಮಧ್ಯದಲ್ಲಿ ಅವನು ಬೆರಳೆತ್ತಿದನು. ತೊಟ್ಟಿ ನಿಂತಿತು. ಏರುವ ಗುಂಡಿ ಒತ್ತಿ ಬೆರಳೆತ್ತಿದನು, ಆಗಲೂ ನಿಂತಿತು. ಮೇಲೆ ದೇವೀರಪ್ಪನ ತಲೆ ಬಾವಿಯ ಅಂಚಿನಲ್ಲಿ ಬಗ್ಗಿತ್ತು.

“ಫ್ಯೂಜಿನ ಹತ್ರ ನಿಂತ್ಕೊ ಅಂದ್ನಲ್ಲೋ.”

“ಮಲ್ಲಿಕಾಂಬಕ್ಕ ನಿಂತವ್ರೆ. ನಾನು ನಿನ್ ಬೆರಳು ನೋಡಬೇಕು.” ಅವನು ಇನ್ನಷ್ಟು ಬಗ್ಗಿ ಹೇಳಿದನು: “ಇನ್ನೊಂದ್ ಸಲ ಎತ್ತು.”

ಮೃತ್ಯುಂಜಯನು ಒತ್ತಿ, ಬೆರಳೆತ್ತಿದನು.

“ಇನ್ನೊಂದ್ ಸಲ.”