ಮದುವೆ ಮುಗಿದ ಮೇಲಿನ ಚಪ್ಪರ

"ಮದ್ಮಗಳು ಹೋದ್ಲು, ಸರಿ. ಬಿಸಿಲು ಹೋಯ್ತಾ? ಮಳೆ ಹಿಡಿಯೋವರೆಗೂ ಚಪ್ಪರ ಮುಟ್ಬೇಡ!"

ಕತ್ತಿ ಹಿಡಿದು ಚಪ್ಪರ ಬಿಚ್ಚಲು ಬಂದ ತಮ್ಮ ಮಗನನ್ನು ಎದುರು ಮನೆಯ ಅಜ್ಜಿ ಹೀಗೆ ಗದರಿದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕುಶಾಲನಗರದ ನಮ್ಮ ಕಿರುಬೀದಿಯ ತುಂಬ ತಗಡಿನ ಮನೆಗಳು. ಮೊಮ್ಮಗಳ ಮದುವೆಗೆಂದು ಅಜ್ಜಿಯ ಮನೆಯವರು ಬೀದಿಯ ಈ ಬದಿಯಿಂದ ಆ ಬದಿಗೂ ತೆಂಗಿನ ಗರಿಯ ಚಪ್ಪರ ಹಾಕಿಸಿದ್ದರು.

"ಅವ್ವ, ಬಿಚ್ಚೋಕೂ ಒಂದು ಶಾಸ್ತ್ರ ಅಂತ ಇದೆ. ಜನ ಏನಂತಾರೆ?" ಎಂದ ಮಗ.

ಪಕ್ಕದ ಮನೆಯ ಟೈಲರ್ ಕಾಕ ಕಾದ ತಗಡಿನಡಿಯಿಂದ ಹೊಲಿಗೆ ಮೆಷಿನ್ ಎತ್ತಿ ತಂದು ಚಪ್ಪರದ ನಡುವೆ ಇಟ್ಟರು. ಶಾಸ್ತ್ರದ ಮಾತು ಅಲ್ಲಿಗೆ ಮುಗಿಯಿತು. ಸಂಜೆಯೊಳಗೆ ಯಾರದೋ ತೊಟ್ಟಿಲು ಬಂತು, ಸೆಕೆಗೆ ಉಸಿರು ಕಟ್ಟುತ್ತಿದ್ದ ನಮ್ಮ ಅಪ್ಪನ ಮಂಚವೂ ಬಂತು. ಗರಿ ಒಣಗಿ ಉದುರಿದಲ್ಲಿ ಯಾರಾದರೊಬ್ಬರು ಹಸಿ ಸೊಪ್ಪು ಹೊದಿಸುತ್ತಿದ್ದರು. ಆ ಬೇಸಿಗೆ ಅಪ್ಪ ಹಗಲಲ್ಲೂ ನಿದ್ದೆ ಮಾಡಿದರು.

ಮರುವರ್ಷ ನಮ್ಮ ಬೀದಿಯಲ್ಲಿ ಮದುವೆಯೇ ಇರಲಿಲ್ಲ. ಆದರೂ ಯುಗಾದಿ ಕಳೆಯುತ್ತಲೇ ಮನೆಮನೆಯಿಂದಲೂ ಬಿದಿರಿನ ಕಂಬ ಬಂತು. ಮೊದಲ ಕಂಬ ನೆಟ್ಟವನು ಅಜ್ಜಿಯ ಮಗ.